ಬಲತಿರುವಿಗೆ ಹತ್ತುವ ದೀಪ

ಆ ದೀಪದ ಬಣ್ಣ ಹಳದಿ. ಒಂದು ಪುಟ್ಟ ಕಾರಿನ ಚಿತ್ರ, ಅದರ ಹಿಂದೆ ಎರಡು ಸೊಟ್ಟ ಗೆರೆ, ಕುಡಿದವನು ಓಡಿಸಿಕೊಂಡು ಹೋದ ಹಾಗೆ. ನೆದ್ಕಾಳ ಮಿನಿಬಸ್ಸಿನ ಮೀಟರ್ ಬೋರ್ಡಿನಲ್ಲಿ ಅದು ಮೊದಲು ಹತ್ತಿದ್ದು ಮಾರ್ಚ್ ಶುರುವಿನಲ್ಲಿ, ಹಳೇ ಗಿರಣಿಯ ಕೆಳಗಿನ ತಿರುವಿನಲ್ಲಿ. ಬರೀ ದೀಪ ಹತ್ತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಸ್ಸು ತಾನಾಗಿಯೇ ಒಂದು ಚಕ್ರಕ್ಕೆ ಬ್ರೇಕು ಹಾಕಿಕೊಂಡು ಗಕ್ಕನೆ ಪಕ್ಕಕ್ಕೆ ಎಳೆಯಿತು. ಹಿಂದಿನ ಸೀಟಿನಲ್ಲಿ ಯಾರದೋ ಮೊಸರಿನ ಜಾಡಿ ಉರುಳಿ ಇನ್ಯಾರದೋ ಕೋಟಿನ ಮೇಲೆ ಚೆಲ್ಲಿತು. ಆಮೇಲೆ ಬೈಗುಳ ಶುರುವಾಯಿತು.

ನಾನು ಕೂರುವುದು ಯಾವತ್ತೂ ಡ್ರೈವರ್ ಪಕ್ಕದ ಸೀಟಿನಲ್ಲಿ. ಹಿಂದೆ ಕೂತರೆ ನನಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಆ ದೀಪ ಹತ್ತುವುದನ್ನು ನೆದ್ಕಾ ಎಷ್ಟು ಸಲ ನೋಡಿದಳೋ ನಾನೂ ಅಷ್ಟೇ ಸಲ ನೋಡಿದೆ. ಬಸ್ಸು ನಿಲ್ಲಿಸಿ, ಕೀಲಿ ತಿರುಗಿಸಿ, ಮತ್ತೆ ಚಾಲು ಮಾಡಿದರೆ ಆರುತ್ತಿತ್ತು. ಸ್ವಲ್ಪ ದೂರ ಸುಮ್ಮನಿರುತ್ತಿತ್ತು. ಮುಂದಿನ ಯಾವುದಾದರೂ ಬಲತಿರುವಿನಲ್ಲಿ ಮತ್ತೆ ಹತ್ತುತ್ತಿತ್ತು.

"ಬಲಕ್ಕೆ ತಿರುಗಿದಾಗ ಮಾತ್ರ ಹತ್ತುತ್ತೆ ಕಣೇ," ಅಂದೆ ನಾನು ಒಂದು ದಿನ.

"ಗೊತ್ತು ದಾಫಿಂಕತ್ತೆ. ಗೊತ್ತಿದ್ದು ಏನು ಮಾಡ್ಲಿ? ಬರೀ ಎಡಕ್ಕೆ ತಿರುಗ್ತಾ ಪೇಟೆಗೆ ಹೋಗೋಕಾಗುತ್ತಾ?"

ನೆದ್ಕಾ ನಮ್ಮ ಮೇಲ್ಕೇರಿಯವಳೇ. ಗಂಡನ ಜೊತೆ ಬಾಳುವುದು ಸಾಕಾಗಿ ವಾಪಸು ಬಂದವಳು, ಈ ಬಸ್ಸನ್ನು ಕೊಂಡಳು. ಬೆಳಿಗ್ಗೆ ಮೇಲ್ಕೇರಿಯಿಂದ ಕೆಳಕೇರಿ, ಅಲ್ಲಿಂದ ಪೇಟೆ. ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸು. ಜನರನ್ನು ಕೂರಿಸಿಕೊಳ್ಳುವ ಬಸ್ಸಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಆಗಬೇಕು. ಈ ಸಲದ್ದಕ್ಕೆ ಗಡುವು ಈಸ್ಟರಿನ ಮುಂಚಿನ ಗುರುವಾರ. ದೀಪ ಉರಿಯುತ್ತಿದ್ದರೆ ಚೀಟಿ ಸಿಗುವುದಿಲ್ಲ. ಚೀಟಿ ಇಲ್ಲದಿದ್ದರೆ ಪುರಸಭೆ ಈ ದಾರಿಯನ್ನು ಸ್ತಾಮೆನ್‌ಗೆ ಕೊಡುತ್ತದೆ. ಅವನ ಹತ್ತಿರ ಎರಡು ಹೊಸ ಬಸ್ಸುಗಳಿವೆ. ಕೆಳಕೇರಿವರೆಗೆ ಮಾತ್ರ ಬರುತ್ತೇನೆ, ಮೇಲಿನ ಆ ಕಡಿದಾದ ದಾರಿಗೆ ನನ್ನ ಗಾಡಿ ಹತ್ತಿಸುವುದಿಲ್ಲ ಎಂದು ಅವನು ಎಲ್ಲರ ಎದುರೇ ಹೇಳಿದ್ದ. ನೆದ್ಕಾಳ ಬಸ್ಸು ನಿಂತರೆ ಅವಳ ಹೊಟ್ಟೆಪಾಡು ಹೋಗುತ್ತದೆ. ಮೇಲ್ಕೇರಿಯ ನಾವು ಚೀಲ ಹೊತ್ತುಕೊಂಡು ಆ ಏರು ಹತ್ತಬೇಕು.

"ತಪಾಸಣೆ ಗೇಟಿನಲ್ಲಿ ಒಂದು ಸಲ ಆಫ್ ಮಾಡಿ ಆನ್ ಮಾಡ್ಕೋ. ಆರಿರುತ್ತಲ್ಲ," ಎಂದು ಸ್ತಾಮೆನ್ನೇ ಬಸ್ ಸ್ಟ್ಯಾಂಡಿನಲ್ಲಿ ಹಲ್ಲುಕಿರಿದು ಬುದ್ಧಿ ಹೇಳಿದ.

"ತಪಾಸಣೆಯವನು ಮಷೀನು ಚುಚ್ಚಿ ಒಳಗಿರೋದನ್ನೆಲ್ಲ ಓದ್ತಾನೆ. ಆಮೇಲೆ ತಾನೇ ಒಂದು ಸುತ್ತು ಓಡಿಸ್ತಾನೆ. ನಿನ್ನ ಹಾಗೆ ಕಣ್ಣು ಮುಚ್ಕೊಂಡು ಕೂರಲ್ಲ," ಅಂದಳು ನೆದ್ಕಾ. ಒಂದು ಸಲ ಅಲ್ಲಿಗೆ ಹೋಗಿ ಬರಿಗೈಲಿ ಬಂದಿದ್ದಳು, ಅದಕ್ಕೇ ಅಷ್ಟು ಸಿಟ್ಟು. ಸ್ತಾಮೆನ್ ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ಹಂಗೆ ಮೋಸ ಮಾಡಿ ಚೀಟಿ ತಗೊಂಡೆ ಅಂತಾನೇ ಇಟ್ಕೋ. ಗಿರಣಿ ತಿರುವಿನಲ್ಲಿ ಒಂದಿನ ಇದು ಇನ್ನೂ ಜೋರಾಗಿ ಎಳೆದ್ರೆ? ಕೆಳಗೆ ಹೊಳೆ ಇದೆ ಅತ್ತೆ."

ರಿಪೇರಿಗೆಂದು ಅವಳು ಮೊದಲು ಹೋದದ್ದು ಪೇಟೆಯ ಒಬ್ಬ ಮೆಕ್ಯಾನಿಕ್ ಹುಡುಗನ ಹತ್ತಿರ. ಅವನ ಗ್ಯಾರೇಜಿನ ನೆಲ ನನ್ನ ಅಡುಗೆಮನೆಗಿಂತ ಚೊಕ್ಕಟವಾಗಿತ್ತು.

"ಬ್ಯಾಟರಿ ವೀಕ್ ಆಗಿದೆ ಅಕ್ಕ. ಚಳಿಗಾಲ ಮುಗೀತಲ್ಲ, ಈಗ ಎಲ್ಲರದ್ದೂ ಹಿಂಗೇ."

ಬ್ಯಾಟರಿ ಹೊಸದಾಯಿತು. ಗಿರಣಿ ತಿರುವಿನಲ್ಲಿ ದೀಪ ಹತ್ತಿತು.

"ಹಂಗಾದ್ರೆ ಟೈರು. ನಾಲ್ಕೂ ಒಂದೇ ಥರ ಸವೆದಿಲ್ಲ, ನೋಡಿ."

ಟೈರು ಬದಲಾಯಿತು, ಚಕ್ರಗಳ ಅಲೈನ್‌ಮೆಂಟ್ ಆಯಿತು. ದೀಪ ಹತ್ತಿತು. ಹುಡುಗ ತಲೆ ಕೆರೆದುಕೊಂಡು, "ನೀವು ಸ್ಟೇರಿಂಗನ್ನ ತುಂಬಾ ಬೇಗ ಬೇಗ ತಿರುಗಿಸ್ತೀರೇನೋ ಅಕ್ಕ. ಹಿಟ್ಟು ನಾದಿದ ಹಾಗೆ," ಅಂದ. ನೆದ್ಕಾ ಅವನ ಮುಖಕ್ಕೇ ಬಾಗಿಲು ಬಡಿದು ಬಂದಳು.

ಎರಡನೆಯವನು ಗುಜರಿ ಅಂಗಡಿಯ ಪಕ್ಕದವನು. ಕೈ ಎಲ್ಲ ಗ್ರೀಸು, ಬಾಯಿ ಎಲ್ಲ ಭರವಸೆ. ಅವನು ಯಂತ್ರ ಜೋಡಿಸಿ ನೋಡಿ, ಸ್ಟೇರಿಂಗ್ ಬುಡದಲ್ಲಿರುವ ಸೆನ್ಸರ್ ಹಾಳಾಗಿದೆ ಅಂದ. "ಸ್ಟೇರಿಂಗು ಎಷ್ಟು ತಿರುಗಿದೆ, ಯಾವ ಕಡೆ ತಿರುಗಿದೆ ಅಂತ ಬಸ್ಸಿಗೆ ಹೇಳೋದು ಇದೇ. ಇದು ಸುಳ್ಳು ಹೇಳ್ತಿದೆ. ನೀವು ಬಲಕ್ಕೆ ಹೋಗ್ತಿದ್ದರೆ ಇದು ಎಡಕ್ಕೆ ಅನ್ನುತ್ತೆ. ಬಸ್ಸು ಪಾಪ, ಜಾರ್ತಾ ಇದ್ದೀನಿ ಅಂದ್ಕೊಂಡು ಬ್ರೇಕು ಹಾಕುತ್ತೆ."

ಕೇಳಿ ನಮಗೆ ಹೋದ ಜೀವ ಬಂದ ಹಾಗಾಯಿತು. ಕಾಯಿಲೆಗೆ ಒಂದು ಹೆಸರಾದರೂ ಸಿಕ್ಕಿತಲ್ಲ! ಗುಜರಿಯಲ್ಲಿದ್ದ ಅದೇ ಜಾತಿಯ ಬಸ್ಸಿನಿಂದ ಸೆನ್ಸರ್ ಕಿತ್ತು ತಂದು ಹಾಕಿದ. ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ಸ್ಟೇರಿಂಗ್ ತಿರುಗಿಸಿ ತೋರಿಸಿದ. ಯಂತ್ರದಲ್ಲಿ ಅಂಕಿಗಳು ಒಂದಾದ ಮೇಲೊಂದು ಕ್ರಮವಾಗಿ ಏರಿದವು, ಕ್ರಮವಾಗಿ ಇಳಿದವು. ಆಮೇಲೆ ಕೈ ಒರೆಸಿಕೊಂಡು, ಮೊದಲೇ ಬಿಚ್ಚಿ ಜೋಪಾನವಾಗಿ ಕನ್ನಡಿಯ ಬಳಿ ಇಟ್ಟಿದ್ದ ಮಾರ್ತೆನಿತ್ಸಾಗಳನ್ನು, ವಸಂತದ ಶುಭಕ್ಕೆಂದು ನಮ್ಮ ಕೇರಿಯ ಗೆರ್ಗಿನಜ್ಜಿ ಹೊಲಿದುಕೊಟ್ಟ ಜೋಡಿ ಗೊಂಬೆಗಳನ್ನು, ಮತ್ತೆ ಸ್ಟೇರಿಂಗಿನ ಬಲಗಡೆಯ ವೈಪರ್ ಹಿಡಿಗೆ ಕಟ್ಟಿದ. ಪೇಟೆಯ ಹುಡುಗನೂ ಹಾಗೇ ಮಾಡಿದ್ದ. ಮಾರ್ಚ್ ಒಂದರಂದು ಕಟ್ಟಿದ ಕೆಂಪು-ಬಿಳಿ ಉಲ್ಲನ್ ಗೊಂಬೆಯನ್ನು ಕೊಕ್ಕರೆಯನ್ನೋ ಹೂಬಿಟ್ಟ ಮರವನ್ನೋ ಕಾಣುವ ಮುಂಚೆ ಬಿಸಾಡುವಷ್ಟು ಎದೆಗಾರಿಕೆ ನಮ್ಮ ಕಡೆಯ ಯಾವ ಮೆಕ್ಯಾನಿಕ್ಕಿಗೂ ಇಲ್ಲ.

ಗಿರಣಿ ತಿರುವಿನಲ್ಲಿ ದೀಪ ಹತ್ತಿತು.

ನೆದ್ಕಾ ಬಸ್ಸು ನಿಲ್ಲಿಸಿ ಹಣೆಯನ್ನು ಸ್ಟೇರಿಂಗಿಗೆ ಒತ್ತಿಕೊಂಡು ಕೂತಳು. ಹಾರನ್ನು ಒಂದೇ ಸಮನೆ ಕೂಗುತ್ತಿತ್ತು. ನಾನು ಅವಳ ಭುಜ ಹಿಡಿದು ಹಿಂದಕ್ಕೆ ಎಳೆದೆ.

"ಬಿಡಿ ಅತ್ತೆ. ಅದೂ ಕೂಗ್ಲಿ."

ಕೊನೆಗೆ ಉಳಿದವನು ಕೆಳಕೇರಿಯ ವಲ್ಚಾನ್. ಹಳಬ, ಸಹಕಾರಿ ಸಂಘದ ಟ್ರ್ಯಾಕ್ಟರುಗಳ ಕಾಲದವನು. ಈಗ ಅವನ ಹತ್ತಿರವೂ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಇದೆ. ಮೊದಲೇ ಅವನ ಬಳಿ ಹೋಗಬಹುದಿತ್ತು. ಹೋಗದೆ ಇದ್ದದ್ದು ಅವನ ಬಾಯಿಗೆ ಹೆದರಿ. ಅದರ ಮೇಲೆ ಈಸ್ಟರ್ ಉಪವಾಸಕ್ಕೆಂದು ಆ ಮನುಷ್ಯ ಸಿಗರೇಟು ಬಿಟ್ಟಿದ್ದ. ಅವನ ಹೆಂಡತಿಯೇ ತಂಗಿಯ ಮನೆಗೆ ಹೋಗಿ ಕೂತಿದ್ದಳು.

"ಊರೆಲ್ಲ ಸುತ್ತಿ, ಎಲ್ಲರ ಕೈಲೂ ಬಿಚ್ಚಿಸಿ, ಈಗ ಬಂದ್ಯಾ?" ಅಂದ ವಲ್ಚಾನ್. "ನಾನೇನು ಕೊನೇ ಗಳಿಗೇಲಿ ಕರೆಯೋ ಪಾದ್ರೀನಾ?"

"ವಲ್ಚಾನಣ್ಣ, ನಾಳೆ ತಪಾಸಣೆ. ಬೈಯೋದಿದ್ರೆ ಕೆಲಸ ಮಾಡ್ತಾ ಬೈಯಿ."

ಅದು ಬುಧವಾರ. ಅವನು ಮಧ್ಯಾಹ್ನವೆಲ್ಲ ಬೈಯುತ್ತಲೇ ಕೆಲಸ ಮಾಡಿದ. ಗೊಂಬೆಗಳನ್ನು ಬಿಚ್ಚಿಟ್ಟ. ಕವಚ ತೆಗೆದ. ಸೆನ್ಸರ್ ಹೊರಗೆಳೆದು, ಬೆಳಕಿಗೆ ಹಿಡಿದು, ಊದಿ, ಮತ್ತೆ ಕೂರಿಸಿದ. ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದ. ನಾನು ವಾಲ್‌ನಟ್ ಮರದ ಕೆಳಗೆ ತಿರುಗಿಸಿಟ್ಟ ಬಕೆಟ್ಟಿನ ಮೇಲೆ ಕೂತು ನೋಡುತ್ತಿದ್ದೆ. ಸ್ಕ್ಯಾನರಿನ ಅಂಕಿ ಸರಾಗವಾಗಿ ಏರಿತು, ಸರಾಗವಾಗಿ ಇಳಿಯಿತು. ಅವನು ಸ್ಟೇರಿಂಗ್ ಕಂಬಕ್ಕೆ ಗುದ್ದಿದ, ಅಂಕಿ ಅಲುಗಾಡಲಿಲ್ಲ. ಬಸ್ಸನ್ನೇ ಹಿಡಿದು ಜಗ್ಗಾಡಿದ, ಆಗಲೂ ಇಲ್ಲ.

"ಏನೂ ಆಗಿಲ್ಲ ಇದಕ್ಕೆ," ಅಂದ.

"ಏನೂ ಆಗಿಲ್ವಾ?"

"ಗುಜರಿಯವನು ಹಾಕಿದ್ದೂ ಸರಿ ಇದೆ. ತೆಗೆದು ನಿನ್ನ ಕೈಗೆ ಕೊಟ್ಟಿದ್ದಾನಲ್ಲ, ಆ ಹಳೇದೂ ಸರಿ ಇದೆ. ಅದನ್ನೂ ಹಾಕಿ ನೋಡ್ದೆ. ಹಾಳಾಗಿರೋದು ಅಂದ್ರೆ ಓಡಿಸೋರು."

ನೆದ್ಕಾ ಅವನ ಎದುರಿಗೆ ಬಂದು ನಿಂತಳು. "ನೀನು ಯಾವತ್ತಾದ್ರೂ ಇದರಲ್ಲಿ ಕೂತು ಗಿರಣಿ ತಿರುವು ಇಳಿದಿದ್ದೀಯಾ?"

"ನಾನ್ಯಾಕೆ ಕೂರ್ಲಿ? ನನಗೆ ಬೇರೆಯವರು ಓಡಿಸಿದ್ರೆ ತಲೆ ಸುತ್ತುತ್ತೆ."

"ನಾಳೆ ಬೆಳಿಗ್ಗೆ ಸುತ್ತಿಸ್ಕೋ. ನಿನ್ನ ಯಂತ್ರ ತೊಡೆ ಮೇಲೆ ಇಟ್ಕೊಂಡು ನನ್ನ ಪಕ್ಕ ಕೂತ್ಕೋ. ಮೊದಲು ನಿನ್ನನ್ನ ಗಿರಣಿ ತಿರುವಿಗೆ ಕರ್ಕೊಂಡು ಹೋಗ್ತೀನಿ, ಆಮೇಲೆ ಪೇಟೆಗೆ. ದೀಪ ಹತ್ತಲಿಲ್ಲ ಅಂದ್ರೆ ಇನ್ನು ಮೇಲೆ ನಾನು ಬಸ್ಸೇ ಮುಟ್ಟಲ್ಲ. ಹತ್ತಿದ್ರೆ, ನೀನು ನನ್ನ ಹತ್ರ ತಪ್ಪಾಯ್ತು ಅನ್ಬೇಕು. ಜನರ ಎದುರಿಗೆ."

ವಲ್ಚಾನ್ ಖಾಲಿ ಜೇಬಿನಲ್ಲಿ ಸಿಗರೇಟು ಹುಡುಕಿ, ಸಿಗದೆ, "ಆಯ್ತು," ಅಂದ. ಕವಚ ಮುಚ್ಚಿ, ಗೊಂಬೆಗಳನ್ನು ಇದ್ದಲ್ಲೇ ಕಟ್ಟಿದ.

ಮರುದಿನ ಗುರುವಾರ, ಮನೆಮನೆಯಲ್ಲೂ ಮೊಟ್ಟೆಗೆ ಕೆಂಪು ಬಣ್ಣ ಹಾಕುವ ದಿನ. ಬಸ್ಸು ತುಂಬಿತ್ತು. ಪೇಟೆಗೆ ಮಾರಲು ಒಯ್ಯುವ ಮೊಟ್ಟೆಯ ಬುಟ್ಟಿಗಳು ಸೀಟುಗಳ ಸಂದಿಯಲ್ಲೆಲ್ಲ. ಕೊನೆಯ ಸಾಲಿನಲ್ಲಿ ಗೆರ್ಗಿನಜ್ಜಿ, ಕಣ್ಣಿನ ಡಾಕ್ಟರ ಹತ್ತಿರ ಹೊರಟವಳು. ನಮ್ಮ ಕೇರಿಯಲ್ಲಿ ಅವಳೇ ಎಲ್ಲರಿಗಿಂತ ಹಿರಿಯಳು. ಕೆಳಕೇರಿಯಲ್ಲಿ ವಲ್ಚಾನ್ ಹತ್ತಿದ. ನಾನು ನನ್ನ ಸೀಟು ಬಿಟ್ಟುಕೊಟ್ಟು ಅವನ ಹಿಂದೆ ಕೂತೆ, ಹೊಟ್ಟೆಯನ್ನು ದೇವರ ಕೈಗೆ ಒಪ್ಪಿಸಿ. ನಾನು ಸೀಟು ಬಿಟ್ಟಿದ್ದನ್ನು ನೋಡಿ ಬಸ್ಸಿನವರಿಗೆಲ್ಲ ಇದು ಹುಡುಗಾಟದ ಮಾತಲ್ಲ ಎಂದು ಗೊತ್ತಾಯಿತು.

ಗಿರಣಿ ಇರುವುದು ಕೆಳಕೇರಿ ದಾಟಿದ ಮೇಲೆ. ರಸ್ತೆ ಹೊಳೆಯ ಕಡೆಗೆ ಇಳಿದು ಬಲಕ್ಕೆ ಸುತ್ತುತ್ತದೆ. ನೆದ್ಕಾ ಬೇಕೆಂದೇ ನಿಧಾನವಾಗಿ, ಮಗುವಿನ ತಲೆ ಸವರುವ ಹಾಗೆ ಸ್ಟೇರಿಂಗ್ ತಿರುಗಿಸಿದಳು.

ದೀಪ ಹತ್ತಿತು. ಬಸ್ಸು ಎಳೆಯಿತು. ಹಿಂದೆ ಎಲ್ಲೋ ಮೊಟ್ಟೆಗಳು ಚಟಚಟ ಒಡೆದವು.

"ನೋಡು!" ನೆದ್ಕಾ ಕೂಗಿದಳು. "ನೋಡು! ನಾನು ಓಡಿಸೋದು ಸರಿ ಇಲ್ವಾ?"

ವಲ್ಚಾನನ ಮುಖ ಹಸಿರುಗಟ್ಟಿತ್ತು, ಆದರೆ ಕಣ್ಣು ಸ್ಕ್ಯಾನರಿನ ಮೇಲಿತ್ತು. "ಅಂಕಿ ಹಾರಿತು," ಅಂದ. "ಏರ್ತಾ ಏರ್ತಾ ಇದ್ದದ್ದು ಒಂದೇ ಸಲ ಎಲ್ಲೋ ಹೋಯ್ತು. ನಿಲ್ಲಿಸು. ಆರಿಸಿ ಮತ್ತೆ ಚಾಲು ಮಾಡು."

ಮುಂದಿನ ಬಲತಿರುವಿನಲ್ಲಿ ಅವನು ಬಗ್ಗಿ ತಂತಿಗಳ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ದೀಪ ಹತ್ತಿತು. ಅದರ ಮುಂದಿನದರಲ್ಲಿ ಪ್ಲಾಸ್ಟಿಕ್ ಕವಚವನ್ನು ಅಂಗೈಯಿಂದ ಒತ್ತಿ ಹಿಡಿದ. ಹತ್ತಿತು. ಪ್ರತಿ ಸಲವೂ ನಿಲ್ಲಿಸಬೇಕು, ಕೀಲಿ ತಿರುಗಿಸಬೇಕು, ಮತ್ತೆ ಹೊರಡಬೇಕು. ಹಿಂದಿನವರು ಗೊಣಗಲು ಶುರು ಮಾಡಿದರು. ಸಂತೆ ಮುಗಿದ ಮೇಲೆ ಮೊಟ್ಟೆ ಯಾರಿಗೆ ಮಾರೋದು ಅಂತ ಒಬ್ಬಳು, ಇರೋದನ್ನ ಈಗಲೇ ಆಮ್ಲೆಟ್ ಮಾಡಿಬಿಡಿ ಅಂತ ಇನ್ನೊಬ್ಬ. ವಲ್ಚಾನ್ ಬಾಗಿಲು ತೆರೆದು ಒಂದು ಸಲ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು ಮತ್ತೆ ಯಂತ್ರ ತೊಡೆಯ ಮೇಲಿಟ್ಟುಕೊಂಡ. ಆಗ ಅವನ ಮೇಲೆ ನನಗೆ ಮೊದಲ ಬಾರಿಗೆ ಸ್ವಲ್ಪ ಮರ್ಯಾದೆ ಹುಟ್ಟಿತು.

"ಅಂಗಳದಲ್ಲಿ ಸರಿ, ರಸ್ತೇಲಿ ಸರಿ ಇಲ್ಲ. ಎಡಕ್ಕೆ ಸರಿ, ಬಲಕ್ಕೆ ಸರಿ ಇಲ್ಲ," ಅವನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. "ಬಲಕ್ಕೆ ಹೋದ್ರೆ ಬಸ್ಸಲ್ಲಿರೋದೆಲ್ಲ ಎಡಕ್ಕೆ ವಾಲುತ್ತೆ. ಏನು ವಾಲುತ್ತೆ? ಈ ಕಂಬದಲ್ಲಿ ವಾಲೋ ಅಂಥದ್ದು ಏನಿದೆ?"

ಬಸ್ಸು ಇನ್ನೊಂದು ಬಲತಿರುವಿಗೆ ಹೊರಳಿತು. ಈ ಸಲ ಅವನು ಏನನ್ನೂ ಹಿಡಿಯಲಿಲ್ಲ, ಸುಮ್ಮನೆ ನೋಡುತ್ತಿದ್ದ. ಅವನ ಭುಜದ ಮೇಲಿನಿಂದ ನಾನೂ ನೋಡಿದೆ. ವೈಪರ್ ಹಿಡಿಗೆ ನೇತುಬಿದ್ದಿದ್ದ ಗೊಂಬೆಗಳು, ಬಿಳಿಯ ಗಂಡುಗೊಂಬೆ ಪಿಝೊ, ಕೆಂಪು ಹೆಣ್ಣುಗೊಂಬೆ ಪೆಂಡಾ, ಜೊತೆಯಾಗಿ ಎಡಕ್ಕೆ ತೂಗಿದವು. ಸ್ಟೇರಿಂಗಿನ ಕವಚವನ್ನು ಮುಟ್ಟಿದವು. ಮುಟ್ಟಿ ಹಿಂದಕ್ಕೆ ಬರಲಿಲ್ಲ, ಅಲ್ಲೇ ಅಂಟಿಕೊಂಡವು. ದೀಪ ಹತ್ತಿತು. ಬಸ್ಸು ಎಳೆದು ಕುಲುಕಿದ ಮೇಲೆ ಗೊಂಬೆಗಳು ಕಳಚಿ ಮತ್ತೆ ಏನೂ ಅರಿಯದವರ ಹಾಗೆ ತೂಗಾಡಿದವು.

ವಲ್ಚಾನ್ ಬಹಳ ನಿಧಾನವಾಗಿ ಕೈ ಚಾಚಿ ಆ ಗೊಂಬೆಗಳನ್ನು ಹಿಡಿದ. ಹೆಬ್ಬೆರಳಿಂದ ಪಿಝೊನ ಹೊಟ್ಟೆ ಒತ್ತಿದ. ಪೆಂಡಾಳ ಹೊಟ್ಟೆ ಒತ್ತಿದ. ಎರಡನ್ನೂ ಬೇರೆ ಬೇರೆ ಎಳೆದು ಬಿಟ್ಟ. ಟಕ್ ಎಂದು ಒಂದಕ್ಕೊಂದು ಅಂಟಿಕೊಂಡವು.

"ಅಯಸ್ಕಾಂತ," ಅಂದ.

"ಏನು?" ಅಂದಳು ನೆದ್ಕಾ.

"ಇದರ ಹೊಟ್ಟೇಲಿ ಅಯಸ್ಕಾಂತ ಇದೆ. ನಿನ್ನ ಸೆನ್ಸರ್ ಕೆಲಸ ಮಾಡೋದೂ ಅಯಸ್ಕಾಂತದಿಂದಲೇ. ಒಳಗಡೆ ಒಂದು ಸಣ್ಣದು ತಿರುಗ್ತಾ ಇರುತ್ತೆ, ಅದನ್ನ ನೋಡಿ ಅಂಕಿ ಹೇಳುತ್ತೆ. ಪಕ್ಕದಲ್ಲಿ ಇಷ್ಟು ದಪ್ಪದ ಇನ್ನೊಂದು ಬಂದು ಕೂತ್ರೆ ಅದು ಯಾವುದನ್ನ ನೋಡ್ಬೇಕು?" ಅವನ ದನಿ ಏರುತ್ತಾ ಹೋಯಿತು. "ಮತ್ತೆ ನಾವು! ನಾವು ಮೂರು ಜನ ಮೂರ್ಖರು, ಕೆಲಸಕ್ಕೆ ಮುಂಚೆ ಇದನ್ನ ಬಿಚ್ಚಿಡೋದು, ಎಲ್ಲ ಸರಿ ಇದೆ ಅಂತ ನೋಡೋದು, ಮತ್ತೆ ನಮ್ಮ ಕೈಯಾರೆ ಕಟ್ಟಿ ಕಳಿಸೋದು!"

ನೆದ್ಕಾ ಬಸ್ಸನ್ನು ರಸ್ತೆಯ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದಳು. ತಿರುಗಿ, ಎಲ್ಲರನ್ನೂ ದಾಟಿ, ಕೊನೆಯ ಸಾಲಿನ ಕಡೆ ನೋಡಿದಳು.

"ಗೆರ್ಗಿನಜ್ಜಿ."

"ಏನಮ್ಮಾ?"

"ಇದರೊಳಗೆ ಏನು ಹಾಕಿದ್ದೀಯಾ?"

"ಬೀರು ಬಾಗಿಲಿಗೆ ಇರುತ್ತಲ್ಲ, ಟಕ್ ಅಂತ ಮುಚ್ಚಿಕೊಳ್ಳೋದು, ಅದು," ಅಂದಳು ಗೆರ್ಗಿನಜ್ಜಿ ಹೆಮ್ಮೆಯಿಂದ. "ನನ್ನ ಹಳೇ ಬೀರೂದು. ಹೊಲಿಗೆ ಕಾಣ್ತಾ ಇದೆಯಾ? ಕಾಣಲ್ಲ."

"ಯಾಕೆ ಹಾಕ್ದೆ?"

"ಅವರಿಬ್ಬರು ತಬ್ಬಿಕೊಂಡಿರ್ಲಿ ಅಂತ. ಸಂತೇಲಿ ಸಿಗೋ ಗೊಂಬೆ ನೋಡು, ಗಂಡ ಒಂದು ಕಡೆ ಹೆಂಡ್ತಿ ಒಂದು ಕಡೆ. ಇವರು ಬಿಟ್ಟಿರಲ್ಲ. ನಿನಗೂ ಅಂಥವನು ಒಬ್ಬ ಸಿಗ್ಲಿ ಅಂತ ಕಟ್ದೆ."

ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ನೆದ್ಕಾ ನಗಲಿಲ್ಲ.

"ಅಜ್ಜೀ, ನನಗೆ ಗಂಡು ಬೇಡ. ಈ ದೀಪ ಆರಿದ್ರೆ ಅಷ್ಟೇ ಸಾಕು. ಒಂದು ತಿಂಗಳಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ." ಗೊಂಬೆಗಳನ್ನು ಕಿತ್ತು ಕಿಟಕಿಯಿಂದ ಎಸೆಯಲು ಕೈ ಎತ್ತಿದಳು.

"ಎಸೀಬೇಡ!" ಬಸ್ಸಿನ ಅರ್ಧ ಜನ ಒಟ್ಟಿಗೆ ಕೂಗಿದರು. ಅದರಲ್ಲಿ ವಲ್ಚಾನನ ದನಿಯೂ ಇತ್ತು.

"ಕೊಕ್ಕರೆ ನೋಡಿದ್ಯಾ?" ಗೆರ್ಗಿನಜ್ಜಿ ಕೇಳಿದಳು.

"ಇಲ್ಲ."

"ಹೂಬಿಟ್ಟ ಮರ?"

"ಇಲ್ಲ ಅಜ್ಜಿ, ಎಲ್ಲಿ ನೋಡ್ಲಿ?"

"ಈ ರಸ್ತೇಲಿ ಬೆಟ್ಟದ ಪ್ಲಮ್ಮು ಎಲ್ಲಾ ಹೂಬಿಟ್ಟು ವಾರ ಆಯ್ತಲ್ಲೇ. ದಿನಾ ಅದರ ಪಕ್ಕದಲ್ಲೇ ಹೋಗ್ತೀಯ."

ನೆದ್ಕಾ ಕಿಟಕಿಯ ಹೊರಗೆ ನೋಡಿದಳು. ನಾನೂ ನೋಡಿದೆ. ಬೇಲಿಯ ಉದ್ದಕ್ಕೂ ಬೆಳ್ಳಗೆ ಹೂವು. ನನ್ನ ಕಣ್ಣಿಗೂ ಅದು ಆವರೆಗೆ ಬಿದ್ದಿರಲಿಲ್ಲ.

"ನಾನು ದೀಪ ನೋಡ್ತಿದ್ದೆ," ಅಂದಳು ನೆದ್ಕಾ.

ಗೊಂಬೆಗಳನ್ನು ಮರಕ್ಕೆ ಕಟ್ಟಬೇಕು, ಅದನ್ನೂ ನೆದ್ಕಾಳೇ ತನ್ನ ಕೈಯಿಂದ ಕಟ್ಟಬೇಕು, ಗೆರ್ಗಿನಜ್ಜಿ ಪಕ್ಕದಲ್ಲಿ ನಿಂತು ನೋಡಬೇಕು. ಇಲ್ಲದಿದ್ದರೆ ತಾನು ಬಸ್ಸಿನಿಂದ ಇಳಿದು ನಡೆದೇ ಹೋಗುತ್ತೇನೆ ಅಂದಳು ಅಜ್ಜಿ. ಅವಳು ಕೊನೆಯ ಸಾಲಿನಿಂದ ಬುಟ್ಟಿಗಳನ್ನು ದಾಟಿ, ಮೆಟ್ಟಿಲು ಇಳಿದು, ಚರಂಡಿ ಹಾಯ್ದು ಮರದ ಬುಡ ತಲುಪುವಷ್ಟರಲ್ಲಿ ಒಂದು ಮದುವೆ ಮುಗಿಸಬಹುದಿತ್ತು. "ಆ ಕೊಂಬೆ ಬೇಡ, ಅದು ಒಣಗಿದೆ. ಅದೂ ಬೇಡ, ಮೇಕೆ ತಿನ್ನುತ್ತೆ." ನೆದ್ಕಾ ಹಲ್ಲು ಕಚ್ಚಿಕೊಂಡು ಅಜ್ಜಿ ತೋರಿಸಿದ ಕೊಂಬೆಗೇ ಕಟ್ಟಿದಳು. ವಲ್ಚಾನ್ ಕೈಗಡಿಯಾರ ನೋಡುತ್ತಾ ಬೇಲಿಯ ಕಡ್ಡಿ ಮುರಿದು ಬಾಯಲ್ಲಿಟ್ಟುಕೊಂಡು ಅಗಿದ.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಬಸ್ಸು ಹೊರಟಿತು. ಬಲತಿರುವು ಬಂತು, ಎಳೆಯಲಿಲ್ಲ. ಆದರೆ ಈ ಸಲ ಕೀಲಿ ತಿರುಗಿಸಿ ಚಾಲು ಮಾಡಿದ್ದರೂ ದೀಪ ಆರಿರಲಿಲ್ಲ, ಉರಿಯುತ್ತಲೇ ಇತ್ತು.

"ಇದೇನು ಈಗ?" ನೆದ್ಕಾಳ ದನಿ ಬಿರಿಯಿತು.

"ನಿನ್ನೆ ನಾನು ಸೆನ್ಸರ್ ಬಿಚ್ಚಿ ಹಾಕಿದ್ದೀನಲ್ಲ," ವಲ್ಚಾನ್ ನಾಲಿಗೆ ಕಚ್ಚಿಕೊಂಡು ಅಂದ. "ಸ್ಟೇರಿಂಗಿಗೆ ನೇರ ಯಾವುದು ಅಂತ ಅದಕ್ಕೆ ಮತ್ತೆ ತೋರಿಸಿಕೊಡ್ಬೇಕು. ರಸ್ತೇಲಿ ಹೋಗ್ತಾ ಅದೇ ಕಲಿಯುತ್ತೆ ಅಂತ ಬಿಟ್ಟಿದ್ದೆ. ಈ ಗೊಂಬೆ ಅದನ್ನೂ ಕೆಡಿಸಿದೆ. ನೇರ ರಸ್ತೆ ಬೇಕು. ಸ್ಟೇರಿಂಗ್ ಅಲ್ಲಾಡಿಸದೆ ಸ್ವಲ್ಪ ಹೊತ್ತು ಓಡಿಸ್ಬೇಕು."

"ಇಲ್ಲಿ ನೇರ ರಸ್ತೆ ಎಲ್ಲಿದೆ ವಲ್ಚಾನಣ್ಣ? ಹಾವೂ ಇಷ್ಟು ಸೊಟ್ಟ ಹೋಗಲ್ಲ!"

ಹೊಲಗಳಿಗೆ ಔಷಧಿ ಹೊಡೆಯುವ ಸಣ್ಣ ವಿಮಾನಗಳು ಇಳಿಯುತ್ತಿದ್ದ ಜಾಗ ನನಗೆ ನೆನಪಾಯಿತು, ನನಗೊಬ್ಬಳಿಗೇ ಅಲ್ಲ, ಎಲ್ಲರಿಗೂ. ಪೇಟೆಗೆ ಮುಂಚೆ ಬಯಲಿನಲ್ಲಿ ಉದ್ದಕ್ಕೆ ಹಾಸಿದ ಸಿಮೆಂಟು. ಈಗ ವಿಮಾನ ಬರುವುದಿಲ್ಲ. ಅಲ್ಲಿಗೆ ಹೋಗಿ ನೋಡಿದರೆ ಆ ಸಿಮೆಂಟಿನ ತುಂಬ ಕುರಿಗಳು, ಬಿಸಿಲಿಗೆ ಮೈಯೊಡ್ಡಿ ಮಲಗಿದ್ದವು. ಕುರಿ ಕಾಯುವ ಸಾಲಿ ಕೋಲಿನ ಮೇಲೆ ಗದ್ದ ಊರಿ ನಿಂತಿದ್ದ.

"ಸಾಲಿ, ಕುರಿ ಎಬ್ಬಿಸೋ!" ನೆದ್ಕಾ ತಲೆ ಹೊರಗೆ ಹಾಕಿ ಕೂಗಿದಳು.

"ಯಾಕೆ? ಹಾರೋಕೆ ಹೊರಟ್ಯಾ?"

"ಎಬ್ಬಿಸು ಅಂದೆ!"

"ಈಗ ತಾನೇ ಮಲಗಿದ್ದಾವೆ. ರಸ್ತೆ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ? ರಸ್ತೇನ ಸ್ತಾಮೆನ್‌ಗೆ ಕೊಟ್ಟಾಯ್ತಾ ಆಗ್ಲೇ?"

ಅವನು ತಮಾಷೆಗೇ ಅಂದದ್ದು. ಆದರೆ ನೆದ್ಕಾ ಬಸ್ಸಿನಿಂದ ಇಳಿದಳು. ಕೋಟು ಬಿಚ್ಚಿ ಅದನ್ನು ಬೀಸುತ್ತಾ ಕುರಿಗಳ ನಡುವೆ ನುಗ್ಗಿದಳು, ಗಂಟಲು ಹರಿಯುವ ಹಾಗೆ ಕಿರುಚುತ್ತಾ. ಸಾಲಿಯ ನಾಯಿ ಅವಳನ್ನು ಕಂಡು ಹಿಂದಕ್ಕೆ ಸರಿಯಿತು. ಆಗ ಮೊಟ್ಟೆ ಬುಟ್ಟಿಯವರು, ಆಮ್ಲೆಟ್ ಅಂದವನು, ವಲ್ಚಾನ್, ನಾನು, ಎಲ್ಲರೂ ಇಳಿದು ಕುರಿ ಓಡಿಸಿದೆವು. ಸಾಲಿ ಕೊನೆಗೆ ನಾಚಿಕೆಯಾಗಿ ಸಿಳ್ಳೆ ಹಾಕಿದ. ಅಷ್ಟೆಲ್ಲ ಕಿರುಚಾಟಕ್ಕೆ ಅಲುಗದ ಕುರಿಗಳು ಅವನ ಒಂದು ಸಿಳ್ಳೆಗೆ ಎದ್ದು ಹೋದವು.

"ಇದನ್ನ ಮೊದಲೇ ಹಾಕೋಕೆ ಏನಾಗಿತ್ತೋ ನಿನಗೆ!" ವಲ್ಚಾನ್ ಅವನಿಗೆ ಬೈದ.

ನೆದ್ಕಾ ವಲ್ಚಾನನೊಬ್ಬನನ್ನೇ ಹತ್ತಿಸಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿದಳು. ಸಿಮೆಂಟಿನ ಬಿರುಕುಗಳ ಮೇಲೆ ಬಸ್ಸು ಕುಲುಕುತ್ತಿತ್ತು. "ಅಲ್ಲಾಡಿಸ್ಬೇಡ, ಅಲ್ಲಾಡಿಸ್ಬೇಡ," ಎಂದು ವಲ್ಚಾನ್ ಪಕ್ಕದಲ್ಲಿ ಜಪ ಮಾಡುತ್ತಿದ್ದನಂತೆ. ಮೊದಲ ಸಲ ದೀಪ ಆರಲಿಲ್ಲ. ತಿರುಗಿಸಿಕೊಂಡು ಬಂದರು, ಆಗಲೂ ಆರಲಿಲ್ಲ. ಬಯಲಿನ ಅಂಚಿನಲ್ಲಿ ನಿಂತಿದ್ದ ನಮಗೆ ಬಸ್ಸಿನೊಳಗೆ ಅವರಿಬ್ಬರೂ ಒಬ್ಬರ ಮೇಲೊಬ್ಬರು ಕೂಗುತ್ತಿರುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಇನ್ನೊಂದು ಸಲ ಹೋದರು. ಆ ತುದಿಯಲ್ಲಿ ಬಸ್ಸು ನಿಂತಿತು. ಬಹಳ ಹೊತ್ತು ಯಾರೂ ಇಳಿಯಲಿಲ್ಲ. ಆಮೇಲೆ ಹಾರನ್ನು 'ಪೀಂ' ಎಂದು ಒಂದು ಸಲ ಕೂಗಿತು.

ತಪಾಸಣೆಯವನು ಹಬ್ಬಕ್ಕೆ ಊರಿಗೆ ಹೊರಡಲು ಗೇಟಿನ ಒಳಗಿನ ಶೆಡ್ಡಿಗೆ ಬೀಗ ಹಾಕುತ್ತಿದ್ದ. ನಾಳೆಯಿಂದ ರಜೆ ಅಂದ. ನೆದ್ಕಾ ಗೇಟಿನ ಎದುರಿಗೇ ಬಸ್ಸು ಅಡ್ಡ ನಿಲ್ಲಿಸಿ ಕೀಲಿ ತೆಗೆದುಕೊಂಡು ಇಳಿದಳು. "ನಿನ್ನ ಕಾರು ಈ ಗೇಟಿನಿಂದ ಹೊರಗೆ ಬರ್ಬೇಕು ಅಂದ್ರೆ ನನ್ನ ಬಸ್ಸು ಒಳಗೆ ಹೋಗ್ಬೇಕು," ಅಂದಳು. ಅವನು ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಕಂಡ ನಮ್ಮ ಮುಖಗಳನ್ನು ನೋಡಿದ. ಬೀಗ ತೆಗೆದ. ಮಷೀನು ಚುಚ್ಚಿ ಓದಿದ, ಬ್ರೇಕು ನೋಡಿದ, ತಾನೇ ಒಂದು ಸುತ್ತು ಓಡಿಸಿಕೊಂಡು ಬಂದ. ದೀಪ ಹತ್ತಲಿಲ್ಲ. ಚೀಟಿಗೆ ಸಹಿ ಹಾಕಿ ಕೊಟ್ಟು, "ಹೋದ ಸಲ ಬಂದಾಗ ಏನಾಗಿತ್ತು ಇದಕ್ಕೆ?" ಎಂದು ಕೇಳಿದ.

"ಏನೂ ಆಗಿರಲಿಲ್ಲ," ಅಂದಳು ನೆದ್ಕಾ.

ವಲ್ಚಾನ್ ಆಗ ಎಲ್ಲರ ಎದುರಿಗೆ ತಪ್ಪಾಯ್ತು ಅಂದ. ಅವಳಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ವಾಪಸು ಬರುವಾಗ ಅವನು ಹಿಂದೆ ಕೂರಲು ಒಪ್ಪಲಿಲ್ಲ. ಸಾಲಿಯ ಹತ್ತಿರ ಸಿಗರೇಟು ಇಸಿದುಕೊಂಡು ನಡೆದೇ ಬರುತ್ತೇನೆ ಎಂದು ಬಯಲಿನ ಹತ್ತಿರ ಇಳಿದುಕೊಂಡ. ನನಗೆ ನನ್ನ ಸೀಟು ಸಿಕ್ಕಿತು.

ಚೀಟಿ ನೆದ್ಕಾಳ ಕೋಟಿನ ಜೇಬಿನಲ್ಲಿತ್ತು. ದಾರಿ ಅವಳದೇ, ಸ್ತಾಮೆನ್‌ಗೆ ಇಲ್ಲ. ನಾವೆಲ್ಲ ಅವಳು ನಗುತ್ತಾಳೆ ಎಂದು ಕಾದೆವು. ಅವಳು ಬಾಯಿ ಬಿಗಿದುಕೊಂಡೇ ಓಡಿಸಿದಳು. ಪ್ರತಿ ಬಲತಿರುವಿಗೂ ಬಸ್ಸು ಬಸವನ ಹುಳುವಾಗುತ್ತಿತ್ತು. ಅವಳ ಕಣ್ಣು ದೀಪದ ಜಾಗಕ್ಕೆ ಹೋಗುತ್ತಿತ್ತು, ನಮ್ಮ ಕಣ್ಣೂ ಹೋಗುತ್ತಿತ್ತು. ಹತ್ತುತ್ತಿರಲಿಲ್ಲ.

ಕೆಳಕೇರಿ ಬಂತು. ಅಲ್ಲಿಂದ ಮೇಲ್ಕೇರಿಗೆ ಬಲಕ್ಕೆ ಹೊರಳಬೇಕು, ಕಡಿದಾದ ಏರು. ನೆದ್ಕಾ ಕವಲಿನಲ್ಲಿ ಬಸ್ಸು ನಿಲ್ಲಿಸಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಳು.

"ಇಲ್ಲಿಂದ ನಡ್ಕೊಂಡು ಹೋಗಿ," ಅಂದಳು. "ಸ್ತಾಮೆನ್ ಬಂದಿದ್ರೆ ಇಲ್ಲೇ ಇಳಿಸ್ತಿದ್ದ ತಾನೇ? ಇಳೀರಿ. ನನಗೆ ಸಾಕಾಗಿದೆ."

ಯಾರೂ ಏಳಲಿಲ್ಲ.

"ನನ್ನ ಮೊಣಕಾಲು..." ಹಿಂದಿನಿಂದ ಗೆರ್ಗಿನಜ್ಜಿ ಶುರು ಮಾಡಿದಳು.

"ನಿನ್ನ ಮೊಣಕಾಲು ನನಗೆ ಗೊತ್ತಜ್ಜಿ! ನಿನ್ನ ಮೊಣಕಾಲು ಗೊತ್ತು, ನಿನ್ನ ಬೀರು ಗೊತ್ತು, ನಿನ್ನ ಹಾಳು ಹೊಲಿಗೆ ಗೊತ್ತು!" ನೆದ್ಕಾ ಗೇರು ಹಾಕಿದಳು. "ಹೊಸ ಬ್ಯಾಟರಿ! ಹೊಸ ಟೈರು! ಹಿಟ್ಟು ನಾದ್ತೀನಂತೆ ನಾನು! ದಾಫಿಂಕತ್ತೆ, ನೀವೂ ಅಷ್ಟೇ, ಇಷ್ಟು ದಿನ ಪಕ್ಕದಲ್ಲೇ ಕೂತಿದ್ರಿ, ಮೂಗಿನ ಮುಂದೆ ತೂಗಾಡೋದು ಕಾಣಲಿಲ್ವಾ ನಿಮಗೆ?"

"ಕಾಣಲಿಲ್ಲ ಕಣೇ," ಅಂದೆ.

"ಕಾಣಲ್ಲ! ಯಾರಿಗೂ ಏನೂ ಕಾಣಲ್ಲ! ಮೂರು ಜನ ಗಂಡಸ್ರು, ಒಂದು ಬಸ್ಸು ತುಂಬ ಜನ, ಒಬ್ಬರಿಗಾದ್ರೂ..."

ಬಸ್ಸು ಬಲಕ್ಕೆ ಹೊರಳಿ ಏರು ಹತ್ತಿತು. ಅವಳು ಬೈಯುತ್ತಲೇ ಇದ್ದಳು, ಸ್ತಾಮೆನ್‌ನನ್ನು, ಗುಜರಿಯವನನ್ನು, ಕುರಿಗಳನ್ನು, ಪುರಸಭೆಯನ್ನು. ಬೈಯುವ ಭರದಲ್ಲಿ ಅವಳು ಒಂದು ಬಲತಿರುವನ್ನು ನಿಧಾನ ಮಾಡದೆ ದಾಟಿದಳು, ಇನ್ನೊಂದನ್ನೂ ದಾಟಿದಳು. ಅವಳ ಕಣ್ಣು ಈಗ ರಸ್ತೆಯ ಮೇಲಿತ್ತು.